ಕಾಪಾಡಿಟ್ಟ ಸ್ಟೀಮ್ ಇಂಜಿನ್ ಏನಾಯ್ತು? ಜಾಡು ಹಿಡಿಯುವ ಬಗೆ

"ಆ ಇಂಜಿನ್ ಏನಾಯ್ತು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಕೊನೆಗೆ ಕಣ್ಣಾರೆ ನೋಡಿದವರು ಯಾರು, ಯಾವ ವರ್ಷ? ಇದಕ್ಕೆ ಉತ್ತರ ಇದ್ದರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ "ಗುಜರಿಗೆ ಹೋಯಿತಂತೆ", "ದೆಹಲಿಗೆ ಸಾಗಿಸಿದರಂತೆ", "ಫಾರಿನ್‌ನವರು ಕೊಂಡರಂತೆ" ಅನ್ನುವ ಅಂತೆಕಂತೆಯೇ ಕೈಗೆ ಸಿಗುತ್ತೆ.

ನಮ್ಮಪ್ಪ ಹುಬ್ಬಳ್ಳಿ ಲೋಕೋ ಶೆಡ್‌ಗೆ ಫೈರ್‌ಮನ್ (ಇಂಜಿನ್ನಿಗೆ ಕಲ್ಲಿದ್ದಲು ಹಾಕುವವರು) ಆಗಿ ಸೇರಿ, ಡ್ರೈವರ್ ಆಗಿ ರಿಟೈರ್ ಆದವರು. ಅವರದೆಲ್ಲ ಮೀಟರ್ ಗೇಜ್, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರದ ದಾರಿ; ವೈಪಿ ಮತ್ತು ವೈಜಿ ಎಂಬ ಜಾತಿಯ ಇಂಜಿನ್‌ಗಳು. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವಳು. ತಾರೀಖು ಇಲ್ಲದ ಎಂಟ್ರಿ ಕಂಡರೆ ಇವತ್ತಿಗೂ ಸಮಾಧಾನ ಇರುವುದಿಲ್ಲ. ಅಪ್ಪ ಹೇಳುತ್ತಿದ್ದ ನಂಬರ್‌ಗಳನ್ನು ಹುಡುಕಲು ಶುರು ಮಾಡಿದ್ದು, ಆಮೇಲೆ ಡಾರ್ಜಿಲಿಂಗ್, ನೀಲಗಿರಿ, ರೇವಾರಿವರೆಗೂ ಹಬ್ಬಿತು. ಈಗ ಬೇರೆಯವರೂ ತಮ್ಮ ಅಜ್ಜನ ಇಂಜಿನ್, ಊರಿನ ಇಂಜಿನ್ ಹುಡುಕಿ ಕೊಡಿ ಅಂತ ಕೇಳುತ್ತಾರೆ. ಹುಡುಕಿ ಕೊಡುವುದಕ್ಕಿಂತ ಹುಡುಕುವುದನ್ನು ಹೇಳಿಕೊಡುವುದೇ ವಾಸಿ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಬಣ್ಣದ ನಂಬರ್ ನೋಡಿ ಮೋಸ ಹೋಗಬೇಡಿ

ಸ್ಟೇಷನ್ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸಿದ ಇಂಜಿನ್ ಇದೆಯಲ್ಲ, ಅದರ ಮೇಲೆ ಬರೆದ ನಂಬರ್ ಪೇಂಟರ್ ಬರೆದಿದ್ದು. ಪ್ರತಿ ಸಲ ಬಣ್ಣ ಬಳಿಯುವಾಗ ಹಳೇ ನಂಬರ್ ಮುಚ್ಚಿಹೋಗುತ್ತೆ, ಹೊಸದು ಯಾರ ನೆನಪಿನಿಂದಲೋ ಬರುತ್ತೆ. ಒಂದು ಸ್ಟೇಷನ್‌ನಲ್ಲಿ ಇಂಜಿನ್ನಿನ ಎಡಗಡೆ ಒಂದು ನಂಬರ್, ಬಲಗಡೆ ಇನ್ನೊಂದು ನಂಬರ್ ಇದ್ದದ್ದನ್ನು ನಾನೇ ನೋಡಿದ್ದೇನೆ. ಹಿತ್ತಾಳೆ ಪ್ಲೇಟ್‌ಗಳ ಕಥೆಯೂ ಅಷ್ಟೇ. ಕದ್ದವರಿದ್ದಾರೆ, ಬಿಚ್ಚಿ ಮನೆಗೆ ಒಯ್ದವರಿದ್ದಾರೆ, ಬೇರೆ ಇಂಜಿನ್ನಿನದು ತಂದು ಹಾಕಿದವರೂ ಇದ್ದಾರೆ. ಪ್ಲೇಟ್ ಇಲ್ಲ ಅಂದರೆ ಏನೂ ಗೊತ್ತಾಗುವುದಿಲ್ಲ. ಇದೆ ಅಂದರೂ ಅದೊಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ.

ಇದನ್ನು ನನಗೆ ತಿಳಿಸಿದ್ದು ಅಪ್ಪನ ಜೊತೆ ಕೆಲಸ ಮಾಡಿದ್ದ ಒಬ್ಬ ಫಿಟ್ಟರ್ ಕಾಕಾ. "ತಂಗಿ, ನಂಬರ್ ಬಣ್ಣದಾಗ ಇರೂದಿಲ್ಲ, ರಾಡ್‌ನಾಗ ಇರತೈತಿ. ಅಲ್ಲಿ ನೋಡು" ಅಂದರು. "ಎಲ್ಲಿ ಕಾಕಾ, ರಾಡ್ ಪೂರಾ ಬಣ್ಣ ಬಳದಾರಲ್ಲ?" ಅಂದೆ. "ಬ್ಯಾಟರಿ ಓರೆ ಹಿಡಿ" ಅಂದರು.

ಹೌದು, ಅದೇ ಉಪಾಯ. ಗಾಲಿಗಳನ್ನು ಜೋಡಿಸುವ ಸೈಡ್ ರಾಡ್, ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡ್, ಅವೆರಡೂ ಸೇರುವ ಕಡೆಯ ಕ್ರಾಸ್‌ಹೆಡ್, ಬಫರ್ ಬೀಮ್ (ಇಂಜಿನ್ನಿನ ತುದಿಯ ಅಡ್ಡ ತೊಲೆ) ಹಿಂದಿನ ಫ್ರೇಮ್ ತುದಿ: ಇಲ್ಲೆಲ್ಲ ವರ್ಕ್‌ಶಾಪ್‌ನವರು ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ನಂಬರ್ ಹೊಡೆದಿರುತ್ತಾರೆ. ಓವರ್‌ಹಾಲ್‌ಗೆ ಹತ್ತಾರು ಇಂಜಿನ್ ಒಟ್ಟಿಗೆ ಬಿಚ್ಚಿದಾಗ ಯಾವ ರಾಡ್ ಯಾವುದರದು ಅಂತ ಗೊತ್ತಾಗಬೇಕಲ್ವಾ, ಅದಕ್ಕೆ. ಟಾರ್ಚನ್ನು ಎದುರಿಗೆ ಹಿಡಿದರೆ ಏನೂ ಕಾಣುವುದಿಲ್ಲ. ರಾಡಿಗೆ ಒತ್ತಿ, ಪಕ್ಕದಿಂದ ಬೆಳಕು ಬಿಟ್ಟರೆ ದಪ್ಪ ಬಣ್ಣದ ಕೆಳಗಿಂದಲೂ ಅಂಕಿಯ ನೆರಳು ಏಳುತ್ತೆ. ಬೆರಳಿನ ತುದಿಗೂ ಸಿಗುತ್ತೆ. 3 ಮತ್ತು 8, 1 ಮತ್ತು 7 ಬೆರಳಿಗೆ ಒಂದೇ ಥರ ಅನ್ನಿಸುತ್ತವೆ, ಅದಕ್ಕೆ ಫೋಟೋ ತೆಗೆದುಕೊಳ್ಳಿ. ಬಣ್ಣ ಮಾತ್ರ ಕೆರೆಯಬೇಡಿ. ಅದು ನಮ್ಮ ಸ್ವತ್ತಲ್ಲ.

ಒಂದು ರಾಡಿನ ನಂಬರ್ ಸಾಕಾಗುವುದಿಲ್ಲ. ಅರ್ಜೆಂಟ್ ಇದ್ದಾಗ ನಿಂತುಹೋದ ಇಂಜಿನ್ನಿನ ರಾಡ್ ಕಳಚಿ ಓಡುವುದಕ್ಕೆ ಹಾಕುವುದು ಶೆಡ್‌ಗಳಲ್ಲಿ ಮಾಮೂಲು. ಕನಿಷ್ಠ ಮೂರು ಬೇರೆ ಬೇರೆ ಜಾಗದಲ್ಲಿ ಒಂದೇ ನಂಬರ್ ಸಿಕ್ಕರೆ ಒಪ್ಪಿಕೊಳ್ಳಿ. ಬೇರೆ ಬೇರೆ ಸಿಕ್ಕರೆ ಎಲ್ಲವನ್ನೂ, ಯಾವುದು ಎಲ್ಲಿ ಸಿಕ್ಕಿತು ಅಂತ ಬರೆದಿಡಿ. ನನ್ನ ಲೆಕ್ಕದಲ್ಲಿ ಫ್ರೇಮಿನ ನಂಬರ್‌ಗೆ ತೂಕ ಜಾಸ್ತಿ.

ಅಭ್ಯಾಸ ಮಾಡಲು ನಮ್ಮ ಕಡೆಯವರಿಗೆ ಮೈಸೂರಿನ ರೈಲು ಮ್ಯೂಸಿಯಂಗಿಂತ ಒಳ್ಳೆ ಜಾಗ ಇಲ್ಲ. 1979ರಲ್ಲಿ ಶುರುವಾಗಿದ್ದು. ದೆಹಲಿಯ ಚಾಣಕ್ಯಪುರಿ ಮ್ಯೂಸಿಯಂ 1977ರದ್ದು, ಅದಾದ ಮೇಲೆ ಇದೇ. ಮಹಾರಾಣಿಯವರ ಸಲೂನ್ ಬೋಗಿ, ಹಳಿ ಮೇಲೆ ಓಡುವಂತೆ ಮಾಡಿದ ಆಸ್ಟಿನ್ ಕಾರು ನೋಡಲು ಎಲ್ಲರೂ ಮುಗಿಬೀಳುತ್ತಾರೆ. ನೀವು ನೇರ ಇಎಸ್ 506 ಹತ್ತಿರ ಹೋಗಿ. 4-6-2 ಇಂಜಿನ್: ಮುಂದೆ ನಾಲ್ಕು ಪುಟ್ಟ ಗಾಲಿ, ನಡುವೆ ಎಳೆಯುವ ಆರು ದೊಡ್ಡ ಗಾಲಿ, ಹಿಂದೆ ಎರಡು. ಈ ಗಾಲಿ ಲೆಕ್ಕ ಮೊದಲು ಬಾಯಿಪಾಠ ಆಗಲಿ. ಎಷ್ಟೋ ಹಳೇ ಫೋಟೋದಲ್ಲಿ ನಂಬರ್ ಕಾಣಿಸುವುದಿಲ್ಲ, ಗಾಲಿ ಎಣಿಸಿಯೇ ಯಾವ ಜಾತಿ ಅಂತ ತೀರ್ಮಾನಿಸಬೇಕಾಗುತ್ತೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಮ್ಯೂಸಿಯಂ ಆಗಿದೆ. ಅದು ಆದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಒಂದೇ ಇಂಜಿನ್, ಹಲವು ನಂಬರ್

ಸ್ವಾತಂತ್ರ್ಯಕ್ಕೆ ಮುಂಚೆ ಒಂದೊಂದು ರೈಲ್ವೆ ಕಂಪನಿಗೂ ಅದರದೇ ನಂಬರ್ ಸಾಲು. ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್ ಮೂರೂ ಸೇರಿ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆ ಆಯಿತು. ಆ ದಶಕ ಮುಗಿಯುವ ಹೊತ್ತಿಗೆ ಇಡೀ ದೇಶದ ಇಂಜಿನ್‌ಗಳಿಗೆ ಒಂದೇ ಸಾಲಿನಲ್ಲಿ ಹೊಸ ನಂಬರ್ ಕೊಟ್ಟರು. ಹೀಗಾಗಿ 1930ರ ಕಾಗದದಲ್ಲಿರುವ ನಂಬರನ್ನು 1970ರ ಶೆಡ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೂ ಅದು ಬೇರೆ ಇಂಜಿನ್ ಆಗಿರುತ್ತೆ. ಜಾಡು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಬ್ರಿಟನ್ನಿನ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಲ್ಲರಿಗೂ ಗೊತ್ತು. 1923ರಲ್ಲಿ ತಯಾರಾದಾಗ 1472, ಆಮೇಲೆ 4472, 1946ರಲ್ಲಿ ಕೊಂಚ ದಿನ 502, ಅದೇ ವರ್ಷ 103, ಕಡೆಗೆ 60103. ಅಷ್ಟು ಹೆಸರಾದ ಇಂಜಿನ್ನಿಗೇ ಐದು ನಂಬರ್. ಅಮೆರಿಕ, ಆಸ್ಟ್ರೇಲಿಯಾ ಎಲ್ಲ ಸುತ್ತಿ ಬಂದರೂ ಅದರ ಜಾಡು ತಪ್ಪಲಿಲ್ಲ, ಯಾಕೆಂದರೆ ಬರೆದಿಟ್ಟವರಿದ್ದರು.

ಬದಲಾಗದ ನಂಬರ್ ಒಂದಿದೆ, ಅದು ಕಾರ್ಖಾನೆಯದ್ದು. ಕಟ್ಟಿದ ಕಂಪನಿ ಪ್ರತಿ ಇಂಜಿನ್ನಿಗೂ ಕೊಡುವ ಕ್ರಮಸಂಖ್ಯೆ. ಮಾಲೀಕರು ಬದಲಾಗಲಿ, ದೇಶ ಬದಲಾಗಲಿ, ಅದು ಹಾಗೇ ಇರುತ್ತೆ. ಸಾಧ್ಯವಾದಷ್ಟು ಬೇಗ ಈ ನಂಬರ್ ಹಿಡಿಯಿರಿ. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಯ ಕಾಗದಗಳು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿವೆ. ಬೇಯರ್ ಪೀಕಾಕ್ ಕಂಪನಿಯವು ಮ್ಯಾಂಚೆಸ್ಟರ್‌ನ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂನಲ್ಲಿವೆ. ಅದೇ ಮ್ಯೂಸಿಯಂನಲ್ಲಿ ಪಾಕಿಸ್ತಾನ ರೈಲ್ವೆಯ 3157 ಕೂಡ ನಿಂತಿದೆ. 1911ರಲ್ಲಿ ಅವಿಭಜಿತ ಭಾರತಕ್ಕೆಂದು ಇಂಗ್ಲೆಂಡಿನಲ್ಲೇ ಕಟ್ಟಿದ ಬ್ರಾಡ್ ಗೇಜ್ ಇಂಜಿನ್, ಹುಟ್ಟಿದ ಸೀಮೆಗೇ ವಾಪಸ್ ಹೋಗಿದೆ. ಹಳೇ ಮೈಸೂರು ಸಂಸ್ಥಾನದ ರೈಲ್ವೆ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ ಕೇಳಿ.

ಅಕ್ಷರಗಳನ್ನು ಓದುವುದು ಸುಲಭ. ಡಬ್ಲ್ಯೂ ಅಂದರೆ ಬ್ರಾಡ್ ಗೇಜ್, ವೈ ಅಂದರೆ ಮೀಟರ್ ಗೇಜ್, ಝಡ್ ಅಂದರೆ ಎರಡೂವರೆ ಅಡಿ ನ್ಯಾರೋ ಗೇಜ್. ಪಿ ಪ್ಯಾಸೆಂಜರ್, ಜಿ ಗೂಡ್ಸ್, ಎಲ್ ಲೈಟ್. ವೈಪಿ ಅಂದರೆ ಮೀಟರ್ ಗೇಜ್ ಪ್ಯಾಸೆಂಜರ್ ಇಂಜಿನ್. ಒಟ್ಟು 871 ವೈಪಿ ತಯಾರಾದವು, ಬಹಳಷ್ಟು ಜಮ್‌ಶೆಡ್‌ಪುರದ ಟೆಲ್ಕೊದಲ್ಲಿ. ಆದರೆ ಈ ಕೀಲಿ ಎಲ್ಲ ಬೀಗಕ್ಕೂ ಆಗುವುದಿಲ್ಲ. ನೀಲಗಿರಿಯ ಎಕ್ಸ್ ಅಂದರೆ ಹಲ್ಲಿನ ಹಳಿಯ ಮೇಲೆ ಹತ್ತುವ ಇಂಜಿನ್. ಬ್ರಾಡ್ ಗೇಜಿನ ಎಕ್ಸ್‌ಎ, ಎಕ್ಸ್‌ಬಿ, ಎಕ್ಸ್‌ಸಿಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಡಾರ್ಜಿಲಿಂಗ್‌ನ ಬಿ ಕ್ಲಾಸ್ ಆ ಕಂಪನಿ ತನ್ನಷ್ಟಕ್ಕೆ ಇಟ್ಟುಕೊಂಡ ಅಕ್ಷರ.

ಹೆಸರು ನೋಡಿ ಹುಡುಕುವವರಿಗೆ ಒಂದು ಮಾತು. ಹರಿಯಾಣದ ರೇವಾರಿ ಸ್ಟೀಮ್ ಶೆಡ್‌ನ "ಅಕ್ಬರ್" ಎಷ್ಟೋ ಸಿನಿಮಾದಲ್ಲಿ ಬಂದಿದೆ. ಅದು ಡಬ್ಲ್ಯೂಪಿ 7161, ಚಿತ್ತರಂಜನ್ ಕಾರ್ಖಾನೆಯಲ್ಲಿ 1965ರಲ್ಲಿ ತಯಾರಾದದ್ದು. ಹಳೇ ಶೆಡ್ ಪುಸ್ತಕದಲ್ಲಿ "ಅಕ್ಬರ್" ಅಂತ ಹುಡುಕಿ ಫಲವಿಲ್ಲ, 7161 ಅಂತಲೇ ಹುಡುಕಬೇಕು. ಇನ್ನೊಂದು, ಈಸ್ಟ್ ಇಂಡಿಯನ್ ರೈಲ್ವೆಯ 21 ಮತ್ತು 22. ಎರಡೂ 1855ರವು. 22 ಅಂದರೆ ಫೇರಿ ಕ್ವೀನ್: 1909ರಲ್ಲಿ ನಿವೃತ್ತಿ, ಆಮೇಲೆ ಹೌರಾ, 1943ರಿಂದ ಚಂದೌಸಿಯ ತರಬೇತಿ ಶಾಲೆ, ಅಲ್ಲಿಂದ ದೆಹಲಿ ಮ್ಯೂಸಿಯಂ, 1997ರಲ್ಲಿ ಮತ್ತೆ ಹಳಿ ಮೇಲೆ. 21 ಅಂದರೆ ಎಕ್ಸ್‌ಪ್ರೆಸ್, ಅದನ್ನು ಚೆನ್ನೈನ ಪೆರಂಬೂರಿನಲ್ಲಿ ರಿಪೇರಿ ಮಾಡಿ 2010ರಲ್ಲಿ ಓಡಿಸಿದರು. ಪತ್ರಿಕೆ ವರದಿಗಳಲ್ಲಿ ಇವೆರಡರ ಫೋಟೋ ಅದಲುಬದಲಾಗುವುದು ಉಂಟು. ಜೋಡಿ ಇಂಜಿನ್ ಇದ್ದರೆ ಎರಡಕ್ಕೂ ಬೇರೆ ಬೇರೆ ಹಾಳೆ ತೆರೆಯಿರಿ.

"ಗುಜರಿಗೆ ಹೋಯಿತು" ಅಂತ ಬರೆಯುವ ಮುಂಚೆ

ಇದು ನಾನು ಎಲ್ಲಕ್ಕಿಂತ ಒತ್ತಿ ಹೇಳುವ ವಿಷಯ. ಓಟ ನಿಲ್ಲಿಸಿದ್ದು, ಕಂಡೆಮ್ ಮಾಡಿದ್ದು (ಇನ್ನು ಕೆಲಸಕ್ಕೆ ಬಾರದು ಅಂತ ತೀರ್ಮಾನಿಸಿದ್ದು), ಗುಜರಿಯವರಿಗೆ ಮಾರಿದ್ದು, ಕತ್ತರಿಸಿದ್ದು: ಈ ನಾಲ್ಕೂ ಬೇರೆ ಬೇರೆ ದಿನ ಆಗುವ ಬೇರೆ ಬೇರೆ ಕೆಲಸ. ಒಂದು ಆಗಿದೆ ಅಂದ ಮಾತ್ರಕ್ಕೆ ಮುಂದಿನದೂ ಆಗಿದೆ ಅಂತಲ್ಲ. ಕಂಡೆಮ್ ಪಟ್ಟಿಯಲ್ಲಿ ನಂಬರ್ ನೋಡಿ "ನಾಶವಾಗಿದೆ" ಅಂತ ಬರೆದುಬಿಡುವವರು ಬಹಳ.

ಬ್ರಿಟನ್ನಿನ ಬ್ಯಾರಿ ಎಂಬ ಬಂದರಿನಲ್ಲಿ ಏನಾಯಿತು ನೋಡಿ. ಸೌತ್ ವೇಲ್ಸ್‌ನ ಈ ಊರಿನಲ್ಲಿ ಡೈ ವುಡ್‌ಹ್ಯಾಮ್ ಅವರ ಗುಜರಿ ಯಾರ್ಡ್ ಇತ್ತು. ಬ್ರಿಟಿಷ್ ರೈಲ್ವೇಸ್ ಸ್ಟೀಮ್ ನಿಲ್ಲಿಸುವ ಹೊತ್ತಿಗೆ, ಅಂದರೆ 1968ರವರೆಗೆ, ಅವರು 297 ಇಂಜಿನ್ ಕೊಂಡಿದ್ದರು. ಆದರೆ ಹಳೇ ವ್ಯಾಗನ್ ಕತ್ತರಿಸುವುದು ಸುಲಭ, ಲಾಭವೂ ಬೇಗ. ಹಾಗಾಗಿ ಅವನ್ನು ಮೊದಲು ಕತ್ತರಿಸಿದರು. ಇಂಜಿನ್‌ಗಳು ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತಾ ಸಾಲಾಗಿ ನಿಂತವು. 1968ರ ಸೆಪ್ಟೆಂಬರ್‌ನಲ್ಲಿ ಮೊದಲನೆಯದನ್ನು, 43924 ನಂಬರಿನದನ್ನು, ರೈಲು ಅಭಿಮಾನಿಗಳು ದುಡ್ಡು ಕೂಡಿಸಿ ಬಿಡಿಸಿಕೊಂಡು ಹೋದರು. 1990ರ ಹೊತ್ತಿಗೆ ಒಟ್ಟು 213 ಪಾರಾದವು. ಕಾಗದದ ಮೇಲೆ 297ಕ್ಕೂ "ಗುಜರಿಗೆ ಮಾರಾಟ" ಅಂತಲೇ ಇತ್ತು. ಆ ಕಾಗದವನ್ನೇ ನಂಬಿ ಪಟ್ಟಿ ಮುಚ್ಚಿದ್ದರೆ 213 ಇಂಜಿನ್ ಬದುಕಿದ್ದೂ ಲೆಕ್ಕದಲ್ಲಿ ಸತ್ತಿರುತ್ತಿದ್ದವು.

ನಮ್ಮಲ್ಲಿ ಬ್ಯಾರಿಯಂಥ ಯಾರ್ಡ್ ಇರಲಿಲ್ಲ, ನಿಜ. 1992ರಲ್ಲಿ ದಾರಿಗಳನ್ನೆಲ್ಲ ಬ್ರಾಡ್ ಗೇಜ್ ಮಾಡುವ ಯೂನಿಗೇಜ್ ಯೋಜನೆ ಬಂದು ಮೀಟರ್ ಗೇಜ್ ಕಿತ್ತಾಗ ಬಹಳಷ್ಟು ಇಂಜಿನ್ ನಿಜವಾಗಿಯೂ ಕತ್ತರಿಸಿಹೋದವು. ಆದರೂ ಕಟ್ಟೆಯ ಮೇಲೆ, ವರ್ಕ್‌ಶಾಪ್ ಗೇಟಿನಲ್ಲಿ, ರೈಲ್ವೆ ಟ್ರೈನಿಂಗ್ ಶಾಲೆಯ ಅಂಗಳದಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ, ಕಲ್ಲಿದ್ದಲು ಗಣಿಯಲ್ಲಿ ಉಳಿದವು ಇವೆ. ಕತ್ತರಿಸಿದ್ದನ್ನು ನೋಡಿದವರು ಅಥವಾ ಕತ್ತರಿಸಿದ ದಾಖಲೆ ಸಿಗುವವರೆಗೆ ನನ್ನ ಪುಸ್ತಕದಲ್ಲಿ "ಕೊನೆಗೆ ಕಂಡದ್ದು" ಅಂತ ಮಾತ್ರ ಇರುತ್ತೆ.

ಬ್ಯಾರಿಯಿಂದ ಕಲಿಯಬೇಕಾದ್ದು ಇನ್ನೂ ಒಂದಿದೆ. ಅಲ್ಲಿಂದ ಪಾರಾದ ವಿಲ್ಲಿಂಗ್ಟನ್ ಹಾಲ್, ನಂಬರ್ 7927, ಈಗ ಇಂಜಿನ್ನಾಗಿ ಉಳಿದಿಲ್ಲ. ಅದರ ಬಾಯ್ಲರ್ ಬೆಟ್ಟನ್ ಗ್ರೇಂಜ್ ಎಂಬ ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಹೋಯಿತು. ಫ್ರೇಮ್ ಹೋದದ್ದು ಕೌಂಟಿ ಆಫ್ ಗ್ಲಮಾರ್ಗನ್ ಎಂಬ ಇನ್ನೊಂದಕ್ಕೆ. ಮೈಂಡಿ ಹಾಲ್ ಎಂಬುದು 2019ರಲ್ಲಿ ಲೇಡಿ ಆಫ್ ಲೆಜೆಂಡ್ ಆಗಿ ಹೊರಬಂತು. ಅವು ಕತ್ತರಿಸಿಹೋಗಲೂ ಇಲ್ಲ, ಉಳಿಯಲೂ ಇಲ್ಲ. ಇಂಥ ಕಡೆ ಫ್ರೇಮಿನ ಹಿಂದೆ ಹೋಗಿ, ಬಾಯ್ಲರಿಗೆ ಪ್ರತ್ಯೇಕ ಸಾಲು ಬರೆಯಿರಿ. ಬಾಯ್ಲರಿಗೆ ಅದರದೇ ನಂಬರ್ ಇರುತ್ತೆ, ಒಂದು ಇಂಜಿನ್ನಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತೆ. ಓವರ್‌ಹಾಲ್‌ಗೆ ಹೋದ ಇಂಜಿನ್ ಹೋದಾಗಿನ ಬಾಯ್ಲರ್ ಇಟ್ಟುಕೊಂಡೇ ವಾಪಸ್ ಬರಬೇಕೆಂದೇನೂ ಇಲ್ಲ.

ಡಾರ್ಜಿಲಿಂಗ್‌ನ ಬಿ ಕ್ಲಾಸ್: ಒಂದು ಮನೆಯ ಮಕ್ಕಳು ಎಲ್ಲೆಲ್ಲಿಗೆ ಹೋದರು

ಹೇಗೆ ಜಾಡು ಹಿಡಿಯುವುದು ಅಂತ ಕಲಿಯಲು ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆ ತೆಗೆದುಕೊಳ್ಳಿ. ಎರಡಡಿ ಗೇಜಿನ ದಾರಿ, 1881ರಲ್ಲಿ ಡಾರ್ಜಿಲಿಂಗ್ ಮುಟ್ಟಿತು, 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಇದರ ಬಿ ಕ್ಲಾಸ್ ಇಂಜಿನ್‌ಗೆ ನಾಲ್ಕೇ ಗಾಲಿ, ಬಾಯ್ಲರ್ ಮೇಲೆ ಜೀನಿನಂತೆ ಕೂತ ನೀರಿನ ಟ್ಯಾಂಕ್. 1889ರಿಂದ ಶುರುವಾಗಿ ಒಟ್ಟು 34 ತಯಾರಾದವು. ಹೆಚ್ಚಿನವು ಗ್ಲಾಸ್ಗೋದವು, ಮೂರು ಅಮೆರಿಕದ ಬಾಲ್ಡ್‌ವಿನ್‌ನವು, ಮೂರನ್ನು ಆ ದಾರಿಯಲ್ಲೇ ಇರುವ ತಿಂಧಾರಿಯಾದ ವರ್ಕ್‌ಶಾಪ್‌ನಲ್ಲೇ ಕಟ್ಟಿದರು. ಆ ಗುಡ್ಡದ ಮೇಲೆ ಇಂಜಿನ್ ಕಟ್ಟಿದ ಕೆಲಸಗಾರರನ್ನು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತೆ.

34 ಅಂದರೆ ಒಬ್ಬರು ಕೂತು ಮುಗಿಸಬಹುದಾದ ಲೆಕ್ಕ. 34 ಸಾಲು ಹಾಕಿ ಕೂರಿ. 1948ರಲ್ಲಿ ಸರ್ಕಾರ ಈ ರೈಲ್ವೆ ವಹಿಸಿಕೊಂಡ ಮೇಲೆ ಹಳೇ ಕಂಪನಿ ನಂಬರ್ ಹೋಗಿ 777ರಿಂದ ಶುರುವಾಗುವ ಹೊಸ ಸಾಲು ಬಂತು. ಎಡಗಡೆ ಹಳೇ ನಂಬರ್, ಪಕ್ಕದಲ್ಲಿ ಹೊಸದು, ಅದರ ಪಕ್ಕ ಕಾರ್ಖಾನೆ ನಂಬರ್.

777 ಸುಲಭ. ದೆಹಲಿ ಮ್ಯೂಸಿಯಂನಲ್ಲಿ ನಿಂತಿದೆ, ಹೋಗಿ ಮುಟ್ಟಿ ನೋಡಬಹುದು.

778 ಸುಲಭವಲ್ಲ. ಇದು ಹಳೇ 19, ಶಾರ್ಪ್ ಸ್ಟೂವರ್ಟ್ ಕಾರ್ಖಾನೆಯ 3518, 1889ರದ್ದು. ಭಾರತದ ದಾಖಲೆ ಮಾತ್ರ ಓದಿದವರಿಗೆ ಇದು 1960ರ ಸುಮಾರಿಗೆ ಮಾಯ. ಎಲ್ಲಿಗೆ ಹೋಯಿತು? 1962ರಲ್ಲಿ ಎಲಿಯಟ್ ಡೊನೆಲಿ ಎಂಬ ಅಮೆರಿಕದ ಶ್ರೀಮಂತ ಅಭಿಮಾನಿ ಕೊಂಡು ಹಡಗಿನಲ್ಲಿ ಸಾಗಿಸಿದರು. ಅವರ ಕಾಲದ ನಂತರ ಇಂಡಿಯಾನಾ ರಾಜ್ಯದ ಹೆಸ್ಟನ್ ಎಂಬಲ್ಲಿನ ಸ್ಟೀಮ್ ಮ್ಯೂಸಿಯಂ ಸೇರಿತು. 1985ರಲ್ಲಿ ಅಲ್ಲಿನ ಇಂಜಿನ್ ಶೆಡ್‌ಗೆ ಬೆಂಕಿ ಬಿತ್ತು, ಈ ಇಂಜಿನ್ನಿಗೂ ಪೆಟ್ಟಾಯಿತು. "ಬೆಂಕಿಯಲ್ಲಿ ಹೋಯಿತು" ಅಂತ ಬರೆದು ಮುಗಿಸುವವರು ಇಲ್ಲಿ ಮುಗಿಸಿಬಿಡುತ್ತಾರೆ. ಆದರೆ 2003ರ ಹೊತ್ತಿಗೆ ಏಡ್ರಿಯನ್ ಶೂಟರ್ ಎಂಬ ಬ್ರಿಟಿಷ್ ರೈಲ್ವೆ ಅಧಿಕಾರಿ ಇದನ್ನು ಕೊಂಡು, ರಿಪೇರಿ ಮಾಡಿಸಿ, ಆಕ್ಸ್‌ಫರ್ಡ್‌ಶೈರ್‌ನ ತಮ್ಮ ಮನೆಯ ತೋಟದಲ್ಲೇ ಹಳಿ ಹಾಕಿ ಓಡಿಸಿದರು. ಬೀಚಸ್ ಲೈಟ್ ರೈಲ್ವೆ ಅಂತ ಅದಕ್ಕೆ ಹೆಸರು. ಡಾರ್ಜಿಲಿಂಗ್ ಮಾದರಿಯ ಬೋಗಿಗಳನ್ನೂ ಕಟ್ಟಿಸಿದ್ದರು. ಶೂಟರ್ 2022ರಲ್ಲಿ ತೀರಿಕೊಂಡರು.

ಈ ಒಂದು ಜಾಡಿನಿಂದ ನಾನು ಒಂದು ರೂಢಿ ಮಾಡಿಕೊಂಡೆ. ಇಂಜಿನ್ ಸರ್ಕಾರದ ಕೈಯಲ್ಲಿದ್ದರೆ ಅದರ ವಿಳಾಸ ಬದಲಾಗುವುದು ನಿಧಾನ. ಖಾಸಗಿಯವರ ಕೈಗೆ ಹೋದರೆ ಮಾಲೀಕರ ಜೀವನದ ಜೊತೆ ಇಂಜಿನ್ನಿನ ವಿಳಾಸವೂ ಬದಲಾಗುತ್ತೆ. ಹಾಗಾಗಿ ವಿದೇಶಕ್ಕೆ ಹೋದ ಇಂಜಿನ್ ಹುಡುಕುವಾಗ ಇಂಜಿನ್ ಹಿಂದೆ ಹೋಗಬೇಡಿ, ಮಾಲೀಕರ ಹಿಂದೆ ಹೋಗಿ. ಅವರ ನಿಧನ ವಾರ್ತೆ, ಆಸ್ತಿ ಹರಾಜು, ಅವರು ಸದಸ್ಯರಾಗಿದ್ದ ಸಂಘ, ಇವುಗಳಲ್ಲಿ ಸುಳಿವು ಇರುತ್ತೆ. ಡಾರ್ಜಿಲಿಂಗ್ ರೈಲ್ವೆಗೇ ಬ್ರಿಟನ್ನಿನಲ್ಲಿ ಒಂದು ಅಭಿಮಾನಿ ಸಂಘ ಇದೆ, ನಮ್ಮಲ್ಲಿ ಇಂಡಿಯನ್ ಸ್ಟೀಮ್ ರೈಲ್ವೆ ಸೊಸೈಟಿ ಇದೆ. ವಿನಯವಾಗಿ, ನಂಬರ್ ಹಾಕಿ, ಒಂದೇ ಪ್ರಶ್ನೆ ಕೇಳಿ ಬರೆಯಿರಿ.

794 ಇನ್ನೊಂದು ರೀತಿ. ಹಿಮಾಲಯದಿಂದ ಸಹ್ಯಾದ್ರಿಗೆ ಬಂತು, ಮಹಾರಾಷ್ಟ್ರದ ನೇರಲ್–ಮಾಥೇರಾನ್ ದಾರಿಗೆ. ಅದೂ ಎರಡಡಿ ಗೇಜೇ, ಅದಕ್ಕೇ ಈ ಸಾಗಣೆ ಸಾಧ್ಯವಾಯಿತು. ಇಲ್ಲೇ ಸುಳಿವು ಇದೆ ನೋಡಿ: ಇಂಜಿನ್ ಕಾಣೆಯಾದರೆ ಅದೇ ಗೇಜಿನ ಬೇರೆ ದಾರಿಗಳು ಎಲ್ಲಿವೆ ಅಂತ ಮೊದಲು ಪಟ್ಟಿ ಮಾಡಿ. ಅದೇ ತರ್ಕದಿಂದ ಅಸ್ಸಾಮಿನ ಟಿಪೊಂಗ್ ಕಲ್ಲಿದ್ದಲು ಗಣಿ ಸಿಗುತ್ತೆ, ಬಿ ಕ್ಲಾಸ್ ಅಲ್ಲಿಗೂ ಹೋಗಿ ಕಲ್ಲಿದ್ದಲು ಎಳೆದಿದೆ. ಮಾಥೇರಾನಿನದೇ ಹಳೇ ಇಂಜಿನ್‌ಗಳು ನಾಲ್ಕು, ಜರ್ಮನಿಯ ಓರೆನ್‌ಸ್ಟೈನ್ ಕೊಪ್ಪೆಲ್‌ನವು. ಅವುಗಳಲ್ಲಿ 740 ಇಂಗ್ಲೆಂಡಿಗೆ ಹೋಯಿತು.

"ಓಡುತ್ತಿದೆ" ಅಂದರೆ ಏನರ್ಥ

ಹೆರಿಟೇಜ್ ರೈಲ್ವೆಯಲ್ಲಿ ಇಂಜಿನ್ ಇದೆ ಅಂತ ಗೊತ್ತಾದರೆ ಸಾಲದು, ಯಾವ ಸ್ಥಿತಿಯಲ್ಲಿದೆ ಅಂತ ಬೇಕು. ನಾನು ಆರು ಪದ ಮಾತ್ರ ಬಳಸುತ್ತೇನೆ: ಓಡುತ್ತಿದೆ, ರಿಪೇರಿಯಲ್ಲಿದೆ, ಕಾಯುತ್ತಿದೆ, ಪ್ರದರ್ಶನಕ್ಕಿದೆ, ಬಿಚ್ಚಿಟ್ಟಿದೆ, ಕತ್ತರಿಸಿದೆ. ಬ್ರಿಟನ್ನಿನಲ್ಲಿ ಬಾಯ್ಲರ್ ಸರ್ಟಿಫಿಕೇಟು ಸಾಮಾನ್ಯವಾಗಿ ಹತ್ತು ವರ್ಷದ್ದು. ಅವಧಿ ಮುಗಿದ ದಿನ ಚೆನ್ನಾಗಿ ಓಡುತ್ತಿದ್ದ ಇಂಜಿನ್ ಕೂಡ ನಿಲ್ಲುತ್ತೆ, ಪೂರಾ ಬಿಚ್ಚಿ ಪರೀಕ್ಷೆ ಆಗಬೇಕು. ದುಡ್ಡು ಕೂಡಿಬರುವವರೆಗೆ ಹಲವು ವರ್ಷ ಶೆಡ್‌ನ ಮೂಲೆಯಲ್ಲಿ ಇರಬಹುದು. ಆದ್ದರಿಂದ ಐದು ವರ್ಷ ಹಿಂದಿನ ಲೇಖನದಲ್ಲಿ "ಓಡುತ್ತಿದೆ" ಅಂತ ಇದ್ದರೆ ಈಗ ಅರ್ಧ ಮಾತ್ರ ನಂಬಬೇಕು.

ನಮ್ಮಲ್ಲಿ ಇನ್ನೊಂದು ಥರ. ಕಾಲ್ಕಾ–ಶಿಮ್ಲಾ ದಾರಿಯ ಕೆಸಿ 520, 1905ರ ಇಂಜಿನ್, ವಿಶೇಷ ಬುಕಿಂಗ್ ಇದ್ದಾಗ ಹೊರಗೆ ಬರುತ್ತೆ. ದಿನಾ ನೋಡಲು ಹೋದವರು "ನಿಂತುಹೋಗಿದೆ" ಅಂತ ಬರೆಯುತ್ತಾರೆ. ನೀಲಗಿರಿಯಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಕಟ್ಟಿದ ಹಳೇ ಎಕ್ಸ್ ಕ್ಲಾಸ್ ಇವೆ, ಮೊದಲನೆಯವು 1914ರವು, ಕೊನೆಯವು 1952ರವು. ಅವಲ್ಲದೆ ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪ್ ಇತ್ತೀಚೆಗೆ ಹೊಸದಾಗಿ ಕಟ್ಟಿದ, ಎಣ್ಣೆ ಉರಿಸುವ ಎಕ್ಸ್ ಕ್ಲಾಸ್‌ಗಳೂ ಇವೆ. ನೋಡಲು ಅಣ್ಣತಮ್ಮಂದಿರ ಹಾಗೆ. ಕೂನೂರಿನಲ್ಲಿ ಫೋಟೋ ತೆಗೆದು "ನೂರು ವರ್ಷದ ಇಂಜಿನ್" ಅಂತ ಹಾಕುವ ಮುಂಚೆ ಬಿಲ್ಡರ್ ಪ್ಲೇಟ್ (ಕಟ್ಟಿದ ಕಾರ್ಖಾನೆಯ ಫಲಕ) ನೋಡಿ. ಪೊನ್ಮಲೈನವರ ಕೆಲಸವೇನೂ ಕಡಿಮೆಯದಲ್ಲ, ಇಂದಿನ ಕಾಲದಲ್ಲಿ ಸ್ಟೀಮ್ ಇಂಜಿನ್ ಕಟ್ಟುವುದು ಅಂದರೆ ಸುಮ್ನೆ ಮಾತಲ್ಲ. ಆದರೆ ದಾಖಲೆಯಲ್ಲಿ ಎರಡನ್ನೂ ಕಲಸಬಾರದು.

ಯಾರನ್ನು, ಹೇಗೆ ಕೇಳುವುದು

ಮೊದಲು ಶೆಡ್‌ನ ಹಳಬರು. ಅವರನ್ನು "ಯಾವ ಇಂಜಿನ್ ಎಲ್ಲಿಗೆ ಹೋಯಿತು?" ಅಂತ ಕೇಳಿದರೆ ನೆನಪಾಗುವುದಿಲ್ಲ. "ಕೊನೆಯ ಟ್ರಿಪ್‌ನಲ್ಲಿ ಯಾರಿದ್ದರು? ಆ ಸಲ ದಸರಾ ಆಗಿತ್ತಾ? ಯಾವ ಟ್ರೈನು?" ಅಂತ ಕೇಳಿ. ಜೊತೆಯವರ ಹೆಸರು ಬಂದರೆ ಹಿಂದೆಯೇ ವರ್ಷ ಬರುತ್ತೆ, ವರ್ಷ ಬಂದರೆ ನಂಬರ್ ಬರುತ್ತೆ. ಡ್ರೈವರ್‌ಗಿಂತ ಫಿಟ್ಟರ್‌ಗೆ ನಂಬರ್ ಚೆನ್ನಾಗಿ ನೆನಪಿರುತ್ತೆ. ಡ್ರೈವರ್‌ಗೆ ಇಂಜಿನ್ನಿನ ಗುಣ ನೆನಪಿರುತ್ತೆ, "ಅದು ಏರಿನಾಗ ಸ್ಟೀಮ್ ಹಿಡಿಯೂದಿಲ್ಲ" ಅನ್ನುವ ಹಾಗೆ. ಅದನ್ನೂ ಬರೆದಿಡಿ.

ಕಾಗದಕ್ಕೆ ಆರ್‌ಟಿಐ. ಹತ್ತು ರೂಪಾಯಿ ಶುಲ್ಕ, ಆನ್‌ಲೈನ್‌ನಲ್ಲೂ ಹಾಕಬಹುದು, ಪೋಸ್ಟಲ್ ಆರ್ಡರ್ ಇಟ್ಟು ಅಂಚೆಯಲ್ಲೂ ಕಳಿಸಬಹುದು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ತಪ್ಪು ಕಚೇರಿಗೆ ಹೋದರೆ ಸರಿಯಾದ ಕಚೇರಿಗೆ ದಾಟಿಸುವುದು ಅವರ ಕೆಲಸ. ಆದರೆ ಅಭಿಪ್ರಾಯ ಕೇಳಬೇಡಿ, ದಾಖಲೆ ಕೇಳಿ. "ಈ ಇಂಜಿನ್ ಯಾಕೆ ಹೀಗೆ ಹಾಳು ಬಿದ್ದಿದೆ?" ಅಂದರೆ ಏನೂ ಬರುವುದಿಲ್ಲ. "ಈ ವಿಭಾಗದಲ್ಲಿ ಹೆರಿಟೇಜ್ ಆಸ್ತಿ ಅಂತ ನೋಂದಾದ ಸ್ಟೀಮ್ ಇಂಜಿನ್‌ಗಳ ಪಟ್ಟಿ, ನಂಬರ್, ಈಗಿರುವ ಜಾಗ, ಅಲ್ಲಿಗೆ ತಂದ ಆದೇಶದ ಪ್ರತಿ ಕೊಡಿ" ಅಂದರೆ ಬರುತ್ತೆ. ಆದೇಶದ ಪ್ರತಿ ಕೇಳುವುದು ಮರೆಯಬೇಡಿ. ಎಲ್ಲಿಂದ ಬಂತು ಅನ್ನುವುದು ಅದರಲ್ಲೇ ಇರುತ್ತೆ, ನಿಮ್ಮ ಜಾಡು ಒಂದು ಹೆಜ್ಜೆ ಹಿಂದಕ್ಕೆ ಸಿಗುತ್ತೆ. ಉತ್ತರ ಬರದಿದ್ದರೆ ಮೇಲ್ಮನವಿಗೆ ಮೂವತ್ತು ದಿನ ಇರುತ್ತೆ.

ಮನೆಯಲ್ಲೇ ಕೂತು ಸ್ಯಾಟಲೈಟ್ ಚಿತ್ರವನ್ನೂ ನೋಡಬಹುದು. ಸ್ಟೇಷನ್ ಮುಂದಿನ ಕಟ್ಟೆಯ ಮೇಲೆ ಉದ್ದನೆ ಕಪ್ಪು ಗೆರೆ ಕಂಡರೆ ಹೆಚ್ಚಾಗಿ ಇಂಜಿನ್ನೇ. ಹಳೇ ವರ್ಷಗಳ ಚಿತ್ರಕ್ಕೆ ಹಿಂದಕ್ಕೆ ಹೋದರೆ ಯಾವಾಗ ಬಂತು, ಯಾವಾಗ ಹೋಯಿತು ಅಂತ ಎರಡು ತಾರೀಖಿನ ನಡುವೆ ಹಿಡಿಯಬಹುದು.

ಪುಸ್ತಕದಲ್ಲಿ ಬರೆಯುವ ರೀತಿ

ಲೆಡ್ಜರಿನ ಹಾಗೆಯೇ. ಒಂದು ಇಂಜಿನ್ನಿಗೆ ಒಂದು ಹಾಳೆ, ಒಂದು ಸುದ್ದಿಗೆ ಒಂದು ಸಾಲು. ತಾರೀಖು, ಜಾಗ, ಸ್ಥಿತಿ, ಹೇಳಿದವರು, ಮತ್ತು ಕೊನೆಯಲ್ಲಿ ಒಂದು ಅಕ್ಷರ: ನೋಡಿದ್ದಾದರೆ "ನೋ", ಓದಿದ್ದಾದರೆ "ಓ", ಕೇಳಿದ್ದಾದರೆ "ಕೇ". ನನ್ನ 778ರ ಹಾಳೆಯಲ್ಲಿ ಎಲ್ಲವೂ "ಓ". 777ರಲ್ಲಿ "ನೋ" ಇದೆ. ಹಳೇ ಸಾಲು ತಪ್ಪು ಅಂತ ಗೊತ್ತಾದರೂ ಅಳಿಸುವುದಿಲ್ಲ. ಒಂದು ಗೆರೆ ಎಳೆದು ಕೆಳಗೆ ಹೊಸದು ಬರೆಯುತ್ತೇನೆ. ನಾಳೆ ಇನ್ನೊಬ್ಬರು ಅದೇ ತಪ್ಪು ಸುದ್ದಿ ತಂದಾಗ ಅದು ಎಲ್ಲಿಂದ ಹುಟ್ಟಿತು ಅಂತ ತೋರಿಸಲು ಬೇಕಾಗುತ್ತೆ.

ಎರಡು ಸುದ್ದಿ ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಒಂದು ಇಂಜಿನ್ ಒಂದೇ ವರ್ಷ ಎರಡು ಊರಲ್ಲಿ ಕಂಡಿದ್ದರೆ, ಒಂದೋ ಯಾರೋ ಬಣ್ಣದ ನಂಬರ್ ನಂಬಿದ್ದಾರೆ, ಇಲ್ಲವೋ ಇಂಜಿನ್ ಆ ವರ್ಷವೇ ಊರು ಬದಲಾಯಿಸಿದೆ. ಯಾವುದು ಅಂತ ರಾಡ್ ಹೇಳುತ್ತೆ.

ಕಡೆಯದಾಗಿ ಮನೆಯ ಫೋಟೋಗಳ ವಿಷಯ. ರೈಲ್ವೆ ಕಾಲೊನಿಯಲ್ಲಿ ಬೆಳೆದವರ ಮನೆಯಲ್ಲಿ ಇಂಜಿನ್ ಮುಂದೆ ನಿಂತ ಅಪ್ಪನದೋ ಅಜ್ಜನದೋ ಒಂದು ಫೋಟೋ ಇದ್ದೇ ಇರುತ್ತೆ. ಸ್ಕ್ಯಾನ್ ಮಾಡುವಾಗ ಹಿಂಭಾಗವನ್ನೂ ಮಾಡಿ, ಸ್ಟುಡಿಯೋದ ಸೀಲು, ಪೆನ್ಸಿಲ್ ಬರಹ ಅಲ್ಲೇ ಇರುತ್ತೆ. ಅಂಚು ಕತ್ತರಿಸಬೇಡಿ. ಎಲ್ಲರೂ ಮುಖ ದೊಡ್ಡದಾಗಿ ಕಾಣಲಿ ಅಂತ ಕತ್ತರಿಸುವುದು ಬಫರ್ ಬೀಮ್ ಇರುವ ಕೆಳಗಿನ ಭಾಗವನ್ನೇ. ನಂಬರ್ ಇರುವುದು ಅಲ್ಲಿ. ಡ್ರೈವರ್ ನಿಲ್ಲುವ ಕ್ಯಾಬ್ ಪಕ್ಕದಲ್ಲೋ, ಹಿಂದೆ ಕಲ್ಲಿದ್ದಲು, ನೀರು ಹೊರುವ ಟೆಂಡರ್ ಬಂಡಿಯ ಮೇಲೋ ಸಣ್ಣ ಅಕ್ಷರದಲ್ಲಿ ಶೆಡ್ಡಿನ ಹೆಸರು, ಪಿಒಎಚ್ ತಾರೀಖು ಬರೆದಿರುತ್ತಾರೆ, ಅಂದರೆ ಕೊನೆಯ ಓವರ್‌ಹಾಲ್ ಯಾವಾಗ, ಯಾವ ವರ್ಕ್‌ಶಾಪಿನಲ್ಲಿ ಆಯಿತು ಅಂತ. ದೊಡ್ಡದು ಮಾಡಿ ನೋಡಿ. ಫೋಟೋ ಯಾವ ವರ್ಷದ್ದು ಅಂತ ಮನೆಯವರಿಗೆ ಗೊತ್ತಿಲ್ಲದಿದ್ದರೂ ಆ ತಾರೀಖಿಗಿಂತ ಹಿಂದಿನದಂತೂ ಅಲ್ಲ. ಹುಬ್ಬಳ್ಳಿ, ಮೈಸೂರು ಶೆಡ್‌ಗಳ ವೈಪಿ, ವೈಜಿ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ, ಅದರಲ್ಲಿರುವವರ ಹೆಸರು ಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕ ಕೂತು ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ. ಆಮೇಲೆ ಒಂದು ಪ್ರತಿಯನ್ನು ಹತ್ತಿರದ ರೈಲು ಮ್ಯೂಸಿಯಂಗೆ ಕೊಡಿ, ಕೊಟ್ಟ ತಾರೀಖನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ.